ಶಿವಪುರದ ಗುಂಪಿನಲ್ಲಿ ಒಂದು ಮುಖ

ನನ್ನ ಸಂಶೋಧನೆಯ ವಿಷಯ ಗೋಡೆ. ಹೀಗೆ ಹೇಳಿದರೆ ನಮ್ಮ ಕಡೆಯವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ "ಅಂದ್ರೆ ಸಿವಿಲ್ ಇಂಜಿನಿಯರಿಂಗಾ?" ಅನ್ನುತ್ತಾರೆ. ಅಲ್ಲ, ಇತಿಹಾಸ ಅಂದರೆ ಇನ್ನೂ ಗೊಂದಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕಿನ ಗೋಡೆಗಳ ಮೇಲೆ ಊರಿನ ಚರಿತ್ರೆಯನ್ನು ಯಾರು ಬರೆದಿದ್ದಾರೆ, ಯಾರ ದುಡ್ಡಿನಲ್ಲಿ ಬರೆದಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಹುಡುಕಿಕೊಂಡು ನಾಲ್ಕು ವರ್ಷದಿಂದ ಬಸ್ಸು ಹತ್ತಿ ಇಳಿಯುತ್ತಿದ್ದೇನೆ. ನಮ್ಮವ್ವನಿಗೆ ಈಗಲೂ ಒಂದೇ ಪ್ರಶ್ನೆ: "ಗೋಡೆ ನೋಡಕ್ಕೆ ಫೆಲೋಶಿಪ್ ಕೊಡ್ತಾರಾ?"

ನಾನು ನೋಡಿದ ಶಾಲೆ, ಪಂಚಾಯ್ತಿ, ಸೊಸೈಟಿ ಗೋಡೆಗಳಲ್ಲಿ ಹೆಚ್ಚುಕಮ್ಮಿ ಒಂದೇ ಪಟ್ಟಿ ಇದೆ. ಕನ್ನಂಬಾಡಿ ಕಟ್ಟೆ, ಪೇಟ ಸುತ್ತಿದ ವಿಶ್ವೇಶ್ವರಯ್ಯ, ಕಬ್ಬಿನ ಗದ್ದೆ, ಜೋಡೆತ್ತು, ಆಲೆಮನೆಯ ಹೊಗೆ. ಮಳವಳ್ಳಿ ಕಡೆಗೆ ಬಂದರೆ ಹೋಟೆಲು ಗೋಡೆಗಳಲ್ಲಿ ಗಗನಚುಕ್ಕಿ ಧುಮುಕುತ್ತಿರುತ್ತದೆ. 1902ರಲ್ಲಿ ಅದೇ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರಲ್ಲ, ಆ ಕಂಬಗಳನ್ನು ಯಾವ ಗೋಡೆಯಲ್ಲೂ ನಾನು ಕಂಡಿಲ್ಲ. ಅದೇ ತಾಲ್ಲೂಕಿನ ನಮ್ಮಜ್ಜಿಯ ಮನೆಗೆ ಕರೆಂಟು ಬಂದದ್ದು ಆಕೆಗೆ ಮೂರು ಮಕ್ಕಳಾದ ಮೇಲೆ. ಮಂಡ್ಯದಲ್ಲೂ ಅಷ್ಟೆ. 1933ರಲ್ಲಿ ಶುರುವಾದ ಸಕ್ಕರೆ ಕಂಪನಿಯ ಚಿಮಣಿ ಗೋಡೆಗಳಲ್ಲಿದೆ, ಅದರ ಬೆನ್ನ ಹಿಂದೆ ನಿಂತ ಕೆನಡಾದ ಲೆಸ್ಲಿ ಕೋಲ್ಮನ್ ಅಪರೂಪಕ್ಕೂ ಇಲ್ಲ, ಬಿಸಿ ಪಾಕದ ಮುಂದೆ ಪಾಳಿಯಲ್ಲಿ ನಿಂತ ಕೂಲಿಯವರು ಇಲ್ಲವೇ ಇಲ್ಲ.

ಈ ಪಟ್ಟಿಯನ್ನು ಮಾಡಿದವರು ಚಿತ್ರ ಬರೆದವರಲ್ಲ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಯಾಕೆಂದರೆ ನನ್ನ ಸೋದರಮಾವ ಗೋಡೆ ಬರಹದವನು. ನಮ್ಮ ಕಡೆ ಚಿತ್ರ ಬಿಡಿಸುವುದು ಅನ್ನುವುದಿಲ್ಲ, ಚಿತ್ರ ಬರೆಯುವುದು ಅನ್ನುತ್ತೇವೆ. ಮಾವ ಅಕ್ಷರವನ್ನೂ ಬರೆದ, ಚಿತ್ರವನ್ನೂ ಬರೆದ. ಗೊಬ್ಬರ, ಸಿಮೆಂಟು, ಬೀಡಿ, ಬನಿಯನ್ನು, ಟೂರಿಂಗ್ ಟಾಕೀಸಿನ ಸಿನಿಮಾ, ಎಲೆಕ್ಷನ್ ಬಂದರೆ ಒಂದೇ ಬೀದಿಯ ಎಡಕ್ಕೆ ಒಂದು ಪಕ್ಷದ ಗುರುತು, ಬಲಕ್ಕೆ ಇನ್ನೊಂದರದು. ನೂಲಿಗೆ ನೀಲಿ ಪುಡಿ ಹಚ್ಚಿ ಗೋಡೆಗೆ ಹೊಡೆದು ಗೆರೆ ಬೀಳಿಸುವುದನ್ನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಫ್ಲೆಕ್ಸ್ ಬಂತು, ಹತ್ತು ವರ್ಷದಲ್ಲಿ ಆ ಕಸುಬು ಮಲಗಿತು. ಉಳಿದದ್ದು ವಾಹನಗಳ ನಂಬರ್ ಪ್ಲೇಟು, ದೇವಸ್ಥಾನದ ಗೋಪುರಕ್ಕೆ ಬಣ್ಣ, ಮತ್ತೆ ಶಾಲೆ ಗೋಡೆ. ಶಾಲೆಯನ್ನೇ ರೈಲು ಬೋಗಿಯಂತೆ ಬರೆಯುವ ಒಂದು ಹುಚ್ಚು ಬಂದಿತ್ತಲ್ಲ, ಆಗ ಮಾವ ಒಂದೇ ವರ್ಷ ಆರು ರೈಲು ಬರೆದ. ಒಂದೂರಲ್ಲಿ ರೈಲೇ ಇಲ್ಲ, ಹಳಿ ಹಾಕುವ ಸರ್ವೆ ಕೂಡ ಆಗಿಲ್ಲ, ಮಕ್ಕಳು ಮಾತ್ರ ದಿನಾ ಬೋಗಿಯೊಳಗೆ ಕೂತು ಮಗ್ಗಿ ಹೇಳುತ್ತಿದ್ದವು.

ಗೋಡೆಗೂ ಚರಿತ್ರೆಗೂ ಇರುವ ನಂಟು ಹಳೆಯದು ಎಂದು ತೋರಿಸಲು ಒಮ್ಮೆ ಮಾವನನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿದ್ದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರಿನ ಪೊಲ್ಲಿಲೂರು ಕದನವಿದೆ. ಹೈದರ್ ಮತ್ತು ಟಿಪ್ಪುವಿನ ದಂಡು ನಾಲ್ಕೂ ಕಡೆ ಮುತ್ತಿಕೊಂಡಿದೆ, ನಡುವೆ ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಪ್ರವಾಸಿಗಳು ಪಲ್ಲಕ್ಕಿ ಹುಡುಕಿ ಫೋಟೋ ತೆಗೆಯಲು ನೋಡುತ್ತಾರೆ, ಕಾವಲಿನವರು ಗದರುತ್ತಾರೆ. ಮಾವ ಪಲ್ಲಕ್ಕಿಯ ಕಡೆ ನೋಡಲೇ ಇಲ್ಲ. ಕುದುರೆ ಕಾಲುಗಳನ್ನೇ ಅರ್ಧ ಗಂಟೆ ನೋಡಿದ. "ಇದನ್ನ ಒಬ್ನೇ ಬರ್ದಿಲ್ಲ ಕಣವ್ವ. ಈ ಸಾಲು ಬರ್ದೋನ್ಗೆ ಕುದ್ರೆ ಸಾಕಿ ಗೊತ್ತು, ಆ ಸಾಲಿನೋನು ಬರೀ ಕುದ್ರೆ ಚಿತ್ರ ನೋಡವ್ನೆ ಅಷ್ಟೆ" ಅಂದ.

ಆಗ ಅವನಿಗೆ ಆ ಗೋಡೆಯ ಕತೆ ಹೇಳಿದೆ. ಟಿಪ್ಪುವಿನ ಕಾಲದ ಚಿತ್ರ ಮುತ್ತಿಗೆಗಳ ಹೊತ್ತಿಗೇ ಕೆಟ್ಟಿತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸಕ್ಕಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಸುಣ್ಣ ಬಿದ್ದು ಮಸುಕಾಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮೂಲ ಚಿತ್ರ ನೆನಪಿದ್ದ ಇಲ್ಲಿನ ಒಬ್ಬ ಚಿತ್ರಗಾರನಿಂದ ಮತ್ತೆ ಬರೆಸಿದ. ಅಂದರೆ ನಾವು ಟಿಕೆಟು ತೆಗೆದುಕೊಂಡು ನೋಡುವ ಪೊಲ್ಲಿಲೂರಿನಲ್ಲಿ ಆ ಒಬ್ಬ ಮನುಷ್ಯನ ನೆನಪು ಎಷ್ಟೋ ಸೇರಿದೆ. ಸೋತ ಸೈನ್ಯದವರೇ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ದುಡ್ಡು ಕೊಟ್ಟು ಉಳಿಸಿದ್ದು ನನಗೆ ಬಹಳ ದಿನ ವಿಚಿತ್ರವಾಗಿ ಕಂಡಿತ್ತು. ಕೊನೆಗೆ ಗೆದ್ದವರಿಗೆ ಅದು ಸೋಲಿನ ಚಿತ್ರವಾಗಿ ಕಾಣುವುದಿಲ್ಲ, ಅಂಥವನನ್ನೂ ಗೆದ್ದೆವು ಎಂಬ ಚಿತ್ರವಾಗಿ ಕಾಣುತ್ತದೆ ಅನ್ನಿಸಿತು. ಮಾವ ಕೇಳಿದ್ದು ಬೇರೆ: "ಆ ಚಿತ್ರಗಾರನ್ಗೆ ಕೂಲಿ ಎಷ್ಟು ಕೊಟ್ರಂತೆ?"

ಶ್ರೀರಂಗಪಟ್ಟಣದಿಂದ ಮೈಸೂರು ಅರ್ಧ ಗಂಟೆಯ ದಾರಿ. ಅಲ್ಲಿನ ಅರಮನೆಯ ಕಲ್ಯಾಣ ಮಂಟಪದಲ್ಲಿ ಗೋಡೆಗೆ ಕೂರಿಸಿದ 26 ಚಿತ್ರಫಲಕಗಳಿವೆ. ಸ್ಥಳೀಯ ಕಲಾವಿದರು ಒಂದು ಊರಿನ ಬದುಕನ್ನು ಗೋಡೆಯ ಮೇಲೆ ಬರೆದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ಗೊತ್ತಿಲ್ಲ. ನಾಲ್ವಡಿಯವರ 1930ರ ದಸರಾ ಮೆರವಣಿಗೆ ಅದು. ವೈ. ಸುಬ್ರಹ್ಮಣ್ಯರಾಜು, ವೈ. ನಾಗರಾಜು, ಕೆ. ಕೇಶವಯ್ಯ ಮೊದಲಾದ ಮೈಸೂರಿನ ಚಿತ್ರಗಾರರು 1934ರಿಂದ 1945ರವರೆಗೆ ಕೂತು ಬರೆದರು. ನಿಜವಾದ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದದ್ದರಿಂದ ಅಂಬಾರಿಯ ಮೇಲಿನವರಷ್ಟೇ ಅಲ್ಲ, ಆನೆ, ಕುದುರೆ, ಬ್ಯಾಂಡು, ಅಧಿಕಾರಿಗಳು ಎಲ್ಲರಿಗೂ ಅವರವರ ಮುಖವೇ ಇದೆ. ಮನೆಮಂದಿ ಬಂದು "ಇವರು ನಮ್ಮ ತಾತ" ಎಂದು ಬೆರಳು ತೋರಿಸಬಹುದಾದಂಥ ಚಿತ್ರ.

ಆ ಹನ್ನೊಂದು ವರ್ಷ ಅಂದಾಗ ನನ್ನ ತಲೆಗೆ ಬರುವುದು ಮದ್ದೂರು. 1939ರವರೆಗೆ ಮಂಡ್ಯ ಮೈಸೂರು ಜಿಲ್ಲೆಯಲ್ಲೇ ಇತ್ತು. ಅರಮನೆಯ ಚಿತ್ರಗಾರರು ಮೆರವಣಿಗೆ ಬರೆಯುತ್ತಿದ್ದಾಗಲೇ, 1938ರ ಏಪ್ರಿಲ್ ಎರಡನೇ ವಾರದಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಇನ್ನೊಂದು ಗುಂಪು ಸೇರಿತು. ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ರಾಷ್ಟ್ರಧ್ವಜ ಹಾರಿಸಬಾರದೆಂದು ಸರ್ಕಾರದ ನಿಷೇಧಾಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಹಾರಿಸಿದರು, ಬಂಧನವಾಯಿತು, ಒಬ್ಬರ ಹಿಂದೆ ಒಬ್ಬರು ಮುಂದೆ ಬಂದು ದಸ್ತಗಿರಿಯಾದರು. ಎರಡು ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ವಿಚಾರಕ್ಕೆ ಗೋಲಿಬಾರ್ ಆಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ದಿವಾನ್ ಮಿರ್ಜಾ ಜೊತೆ ಮಾತಾಡಿ, ಸಂಸ್ಥಾನದ ಗಂಡಭೇರುಂಡದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಶಿವಪುರಕ್ಕೆ ಬಂದವರಲ್ಲಿ ಬಹುಪಾಲು ಸುತ್ತಲ ಹಳ್ಳಿಯವರು, ಎತ್ತಿನಗಾಡಿಯಲ್ಲಿ, ನಡೆದುಕೊಂಡು. ಅರಮನೆಯ ಗೋಡೆಯಲ್ಲಿ ಲಾಳಿಕೆ ಹಿಡಿದವನಿಗೂ ಮುಖವಿದೆ. ಇವರಿಗೆ ಇಲ್ಲ.

ಸ್ಮಾರಕ ಇದೆ, ಶಿವಪುರದ ಸತ್ಯಾಗ್ರಹ ಸೌಧ, ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಅಂಚಿನಲ್ಲೇ. ಬಸ್ಸಿನಲ್ಲಿ ಹೋಗುವವರು ಮದ್ದೂರು ಬಂತೆಂದು ವಡೆಗೆ ಇಳಿಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಮದ್ದೂರನ್ನೂ ಮಂಡ್ಯವನ್ನೂ ಹೊರಗಿನಿಂದಲೇ ದಾಟಿಬಿಡುತ್ತವೆ. ವಡೆ ಅಂಗಡಿಯವರ ನಷ್ಟದ ಬಗ್ಗೆ ಪೇಪರಿನಲ್ಲಿ ಬಂತು, ಸರಿಯೇ. ಹಳೇ ರಸ್ತೆಗೆ ಮುಖ ಮಾಡಿದ ಗೋಡೆಗಳಿಗೂ ಗಿರಾಕಿ ಹೋದರು. ಒಂದು ಗೋಡೆಗೆ ವರ್ಷಕ್ಕೆ ಇಷ್ಟು ಎಂದು ಬಾಡಿಗೆ ತಿನ್ನುತ್ತಿದ್ದ ಮನೆಯವರು ಈಗ ಅದಕ್ಕೆ ಬೆರಣಿ ತಟ್ಟಿದ್ದಾರೆ.

ಇಷ್ಟು ಹಿನ್ನೆಲೆ. ಇನ್ನು ಮಾವನ ಗೋಡೆಗೆ ಬರುತ್ತೇನೆ.

2022ರಲ್ಲಿ ಸ್ವಾತಂತ್ರ್ಯದ 75ನೇ ವರ್ಷಕ್ಕೆ ಎಲ್ಲಾ ಕಡೆ ಗೋಡೆಗಳಿಗೆ ಬಣ್ಣ ಬಂತು. ಮಳವಳ್ಳಿ–ಮದ್ದೂರು ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ಹಳೇ ವಿದ್ಯಾರ್ಥಿಗಳು ದುಡ್ಡು ಸೇರಿಸಿ, ಕಾಂಪೌಂಡಿನ ಒಳಗಿನ ಉದ್ದ ಗೋಡೆಗೆ "ನಮ್ಮ ತಾಲ್ಲೂಕಿನ ಚರಿತ್ರೆ" ಬರೆಸಬೇಕೆಂದರು. ಮಾವನಿಗೆ ಕೆಲಸ ಸಿಕ್ಕಿತು, ಏನು ಬರೆಯಬೇಕೆಂದು ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಕನ್ನಂಬಾಡಿ, ವಿಶ್ವೇಶ್ವರಯ್ಯ ಇರಲೇಬೇಕು ಎಂದರು, ಇದ್ದಾರೆ. 1799ರ ಮಾರ್ಚ್ 27ರ ಮಳವಳ್ಳಿ ಕದನ ಬೇಡ, ಅದರಲ್ಲಿ ಸೋತೆವು ಎಂದರು. ಅದೂ ಆಯಿತು. ಉಳಿದ ಹದಿನೆಂಟು ಅಡಿಗೆ ಶಿವಪುರ ಎಂದು ನಾನು ಹಟ ಹಿಡಿದೆ.

ಮೊದಲ ಜಗಳ ಬಾವುಟದ್ದು. 1938ರ ಬಾವುಟದ ನಡುವೆ ಇದ್ದದ್ದು ಚರಕ. ಅಶೋಕ ಚಕ್ರ ಬಂದದ್ದು 1947ರಲ್ಲಿ. ಮಾವ ಚರಕ ಬರೆದ. ಮಾರನೇ ದಿನ ಐದನೇ ಕ್ಲಾಸಿನ ಹುಡುಗನೊಬ್ಬ ನನ್ನ ಹತ್ತಿರ ಬಂದು ಗುಟ್ಟಾಗಿ, "ಅಕ್ಕಾ, ಪೇಂಟ್ರು ಬಾವುಟ ತಪ್ಪು ಬರ್ದವ್ರೆ" ಅಂದ. ಊರ ಹಿರಿಯರೂ ಬಂದು ಅದನ್ನೇ ಅಂದರು. ಅವರಿಗೆಲ್ಲ ಹೇಳಿ ಒಪ್ಪಿಸುವಷ್ಟರಲ್ಲಿ ಎರಡು ದಿನ ಹೋಯಿತು. ಹುಡುಗ ಬೇಗ ಒಪ್ಪಿದ.

ಎರಡನೆಯದು ಗುಂಪಿನದು. ವೇದಿಕೆಯ ಮೇಲಿನ ಮುಖಂಡರಿಗೆ ಫೋಟೋ ಇತ್ತು, ಹುಡುಕಿ ಕೊಟ್ಟೆ. ಕೆಳಗೆ ನಿಂತ ಜನಕ್ಕೆ ಏನು ಮಾಡುವುದು? ಮಾಮೂಲಿಯಾಗಿ ಗೋಡೆ ಬರಹದವರು ಗುಂಪೆಂದರೆ ಸಾಲು ಸಾಲು ದುಂಡು ತಲೆ, ಮೇಲೊಂದು ಬಿಳಿ ಟೋಪಿ ಬರೆದು ಮುಗಿಸುತ್ತಾರೆ. ಮಾವ ಎರಡು ದಿನ ಬ್ರಷ್ಷು ಮುಟ್ಟದೆ ಬೀಡಿ ಸೇದುತ್ತ ಕೂತ. ಮೂರನೇ ದಿನ ಚೌಕ ಎಳೆದು, ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಕಲ್ಲಿನ ಮೇಲೆ ಕೂರಿಸಿ ಅವರ ಮುಖ ಬರೆಯತೊಡಗಿದ. ಹಾಲಿನ ಡೈರಿಯವನು, ನೀರಗಂಟಿ, ಬಿಸಿಯೂಟದ ಇಬ್ಬರು ಅಕ್ಕಂದಿರು, ತಮಟೆ ಬಡಿಯುವ ತಾತ. "ಇವ್ರು ಅಲ್ಲಿಗೆ ಹೋಗಿರ್ಲಿಲ್ಲ ಮಾವ" ಅಂದೆ. "ಇವ್ರ ತಾತಂದಿರು ಹೋಗಿದ್ರು. ಮೂಗು ಅದೇಯ" ಅಂದ.

ಎಡಗಡೆ ಮೂಲೆಯಲ್ಲಿ, ಗಾಡಿಯ ಪಕ್ಕ, ನೀರಿನ ಕೊಡ ಹಿಡಿದ ಒಬ್ಬನನ್ನು ಬರೆದ. ಅದು ಅವನ ತಾತ, ನಮ್ಮಜ್ಜಿಯ ಅಪ್ಪ. ಶಿವಪುರಕ್ಕೆ ಗಾಡಿ ಕಟ್ಟಿಕೊಂಡು ಹೋಗಿ ಮೂರು ದಿನ ನೀರು ಹೊತ್ತು ಬಂದ ಎಂಬುದು ನಮ್ಮ ಮನೆಯ ಕತೆ. ಆಗ ನಮ್ಮಜ್ಜಿಗೆ ಆರು ವರ್ಷ. ಅಪ್ಪ ವಾಪಸ್ಸು ಬರುವಾಗ ಗಾಡಿಯಲ್ಲಿ ಒಂದು ಹರಿದ ಕೇಸರಿ ಬಟ್ಟೆ ತುಂಡು ಇತ್ತು, ಅವ್ವ ಅದನ್ನು ಒಲೆಗೆ ಹಾಕಿದಳು, ಪೊಲೀಸರ ಭಯಕ್ಕೆ ಎನ್ನುತ್ತಾಳೆ. ಕೇಳಿದಾಗಲೆಲ್ಲ ಇಷ್ಟೇ ಹೇಳುತ್ತಾಳೆ, ಒಂದು ಮಾತು ಹೆಚ್ಚಿಲ್ಲ ಕಡಿಮೆ ಇಲ್ಲ. ಆತ ಜೈಲಿಗೆ ಹೋಗಲಿಲ್ಲ. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ತಂದಾಗ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸಕ್ಕೆ ದಾಖಲೆ ಬೇಕಿತ್ತು. ನೀರು ಹೊತ್ತವರಿಗೆ, ಗಾಡಿ ಹೊಡೆದವರಿಗೆ, ಅಡುಗೆ ಮಾಡಿದವರಿಗೆ ಯಾವ ಜೈಲು ಸೂಪರಿಂಟೆಂಡೆಂಟ್ ಸರ್ಟಿಫಿಕೇಟು ಕೊಡುತ್ತಾನೆ? ಪಟ್ಟಿಯಲ್ಲಿ ಆತನ ಹೆಸರಿಲ್ಲ. ನಾನೂ ಹುಡುಕಿದ್ದೇನೆ.

ನನ್ನ ಮಾರ್ಗದರ್ಶಕರಿಗೆ ಫೋಟೋ ತೋರಿಸಿದೆ. ಅವರು ಒಳ್ಳೆಯವರು, ಕಟ್ಟುನಿಟ್ಟಿನವರು. "ಚಿತ್ರ ಚೆನ್ನಾಗಿದೆಯಮ್ಮ. ಆದ್ರೆ ನಿಮ್ಮ ಮುತ್ತಾತ ಅಧ್ಯಾಯದೊಳಗೆ ಬರೋಕಾಗಲ್ಲ, ಅಡಿಟಿಪ್ಪಣಿಗೂ ಬರೋದು ಕಷ್ಟ" ಅಂದರು. ಅವರು ಹೇಳಿದ್ದು ಸರಿ. ಮನೆಮನೆಯವರೂ ತಮ್ಮ ತಾತನನ್ನು ಚರಿತ್ರೆಯ ಒಳಗೆ ತೂರಿಸಿದರೆ ಏನಾಗುತ್ತದೆಂದು ಈ ದೇಶದಲ್ಲಿ ಸಾಕಷ್ಟು ನೋಡುತ್ತಿದ್ದೇವೆ. ಆದರೂ ಮಳವಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದವಳಿಗೆ ಕಾಗದ ಇಲ್ಲದ್ದೆಲ್ಲ ಚರಿತ್ರೆಯಲ್ಲ ಎಂದು ಒಪ್ಪುವುದು ಅಷ್ಟು ಸುಲಭವಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ನಮ್ಮ ತಾಲ್ಲೂಕಿನಲ್ಲೇ ಇದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕತೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ, ಅವರು ಇಲ್ಲವೆನ್ನುತ್ತಾರೆ, ಅವನನ್ನು ಹಿಂಸೆ ಮಾಡುತ್ತಾರೆ. ಹಲಗೂರಿನಲ್ಲಿ ಕಬ್ಬಿಣದ ಕಸುಬು ನಡೆಯುತ್ತಿತ್ತು, ಅದನ್ನು ಕೈಯಲ್ಲಿಟ್ಟುಕೊಂಡವರಿಗೂ ಬೇಡಿ ಹೋದವರಿಗೂ ತಿಕ್ಕಾಟವಿತ್ತು ಎನ್ನುವುದು ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ಆ ಹಾಡಿನಿಂದ. ಹಾಗಂತ ಹಾಡು ದಾಖಲೆಯಾಗುವುದಿಲ್ಲ. ದಾಖಲೆಯನ್ನು ಎಲ್ಲಿ ಹುಡುಕಬೇಕೆಂದು ಅದು ತೋರಿಸುತ್ತದೆ. ಮಾವನ ಮೂಲೆಯ ಮನುಷ್ಯನನ್ನೂ ನಾನು ಹಾಗೇ ಇಟ್ಟುಕೊಂಡಿದ್ದೇನೆ. ಪ್ರಬಂಧದಲ್ಲಿ ಅವನು "ಚಿತ್ರಗಾರನ ಕುಟುಂಬದ ನೆನಪಿನಿಂದ ಬಂದ ಆಕೃತಿ". ಅಜ್ಜಿಗೆ ಇದನ್ನು ಓದಿ ಹೇಳಲಿಲ್ಲ.

ಒಂದು ಚಿತ್ರದ ವಿಷಯಕ್ಕೆ ಮಾತ್ರ ಮಾವನಿಗೂ ನನಗೂ ಇವತ್ತಿಗೂ ಸರಿಬಂದಿಲ್ಲ. ಗೋಡೆಯ ಬಲತುದಿಯಲ್ಲಿ ಆಲೆಮನೆ ಇದೆ. ಕೊಪ್ಪರಿಗೆ, ಹೊಗೆ, ಬೆಲ್ಲದ ಅಚ್ಚು, ನಗುವ ಮಕ್ಕಳು. ಸಕ್ಕರೆ ನಾಡು ಅಂದರೆ ಎಲ್ಲರೂ ಕೇಳುವ ಚಿತ್ರ. ನನಗೂ ಇಷ್ಟವಿತ್ತು. 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಷೀನು ಇಟ್ಟು ಹೊಟ್ಟೆಯೊಳಗಿನದು ಹೆಣ್ಣೋ ಗಂಡೋ ನೋಡಿ ಹೇಳುತ್ತಿದ್ದರೆಂದು ಪೊಲೀಸರು ಬಯಲಿಗೆಳೆದರು. ಆ ವಾರ ಶಾಲೆಗೆ ಹೋಗಿದ್ದೆ. ಚಿತ್ರದ ಹೊಗೆ ನೋಡುತ್ತ ನಿಂತವಳಿಗೆ ಹೊಟ್ಟೆ ತೊಳಸಿತು. ನಮ್ಮವ್ವನಿಗೆ ನಾನು ಎರಡನೇ ಹೆಣ್ಣು. ನಾನು ಹುಟ್ಟಿದ ದಿನ ಮನೆಯಲ್ಲಿ ಯಾರು ಏನೆಂದರು ಎನ್ನುವುದೂ ನಮ್ಮ ಮನೆಯ ಕತೆಗಳಲ್ಲಿ ಒಂದು, ಅದನ್ನು ಮಾತ್ರ ಯಾರೂ ಜೋರಾಗಿ ಹೇಳುವುದಿಲ್ಲ.

"ಮಾವ, ಆಲೆಮನೆ ಪಕ್ಕದಲ್ಲಿ ಒಂದು ಖಾಲಿ ತೊಟ್ಟಿಲು ಬರಿ" ಅಂದೆ.

ಮಾವ ತುಂಬಾ ಹೊತ್ತು ಮಾತಾಡಲಿಲ್ಲ. "ಇಸ್ಕೂಲ್ ಗೋಡೆ ಕಣವ್ವ. ಮಕ್ಳು ನೋಡ್ತವೆ."

"ಮಕ್ಕಳ ವಿಷಯನೇ ಅದು."

"ಐತೆ. ನಾನಿಲ್ಲ ಅಂದ್ನಾ? ಬರೀಬೋದು. ಬರ್ದ ಮೇಲೆ ಸುಣ್ಣ ಬಳೀತಾರೆ. ಅದುನ್ನ ಮಾತ್ರ ಬಳಿಯಲ್ಲ, ಪೂರ್ತಿ ಗೋಡೆಗೇ ಬಳೀತಾರೆ. ತಾತನೂ ಹೋಯ್ತಾನೆ."

ಗೋಡೆ ಬರಹದವನ ಲೆಕ್ಕಾಚಾರ ಅದು, ನಲವತ್ತು ವರ್ಷ ಬೇರೆಯವರ ಗೋಡೆ ಮೇಲೆ ಬದುಕಿದವನದು. ನನಗೆ ಒಪ್ಪಿಗೆಯಾಗಲಿಲ್ಲ. ಶಿವಪುರದಲ್ಲಿ ನಿಷೇಧವಿದ್ದದ್ದನ್ನು ಹಾರಿಸಿದರು ಎಂದು ಹದಿನೆಂಟು ಅಡಿ ಬರೆದು, ಪಕ್ಕದಲ್ಲೇ ಹೇಳಬೇಕಾದ್ದನ್ನು ನುಂಗುವುದು ಹೇಗೆ ಎಂದು ಕೇಳಿದೆ. ಮಾವ ಬ್ರಷ್ಷು ತೊಳೆಯುತ್ತ, "ಅವ್ರು ಅವ್ರದ್ದೇ ಹೊಲದಲ್ಲಿ ಹಾರ್ಸಿದ್ರು" ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಸುಣ್ಣ ಎದ್ದ ಕಡೆ ಕೈಯಾಡಿಸಲು ಹೋದಾಗ, ನಗುವ ಮಕ್ಕಳಲ್ಲಿ ಮೂವರು ಹುಡುಗರಿದ್ದದ್ದನ್ನು ಒಬ್ಬ ಹುಡುಗ, ಇಬ್ಬರು ಹುಡುಗಿಯರಾಗಿ ತಿದ್ದಿ ಬಂದಿದ್ದಾನೆ. ನನಗೆ ಹೇಳಲಿಲ್ಲ, ನಾನೇ ಹೋಗಿ ನೋಡಿದೆ. ತೊಟ್ಟಿಲು ಇಲ್ಲ. ನನಗಿದು ಸಾಲದು, ಅವನಿಗೂ ಗೊತ್ತು.

ಶಿವಪುರದ ಚಿತ್ರದ ಕೆಳಗೆ ಮಾವ ಒಂದು ಗೇಣು ಅಗಲದ ಬಿಳಿ ಪಟ್ಟಿ ಬಿಟ್ಟಿದ್ದ. ಹೆಡ್‌ಮಾಸ್ಟರು ದಾನಿಗಳ ಹೆಸರು ಬರೆಸಲೆಂದು ಕೇಳಿದರೆ ಕೊಡಲಿಲ್ಲ, ಅವರಿಗೆ ಗೇಟಿನ ಕಂಬ ತೋರಿಸಿದ. "ಯಾರಾದ್ರೂ ಬಂದು ನಮ್ಮ ತಾತನೂ ಹೋಗಿದ್ದ ಅಂದ್ರೆ ಬರೆಯಾನ" ಎಂದು ಇಟ್ಟುಕೊಂಡ. ಮೊದಲ ವರ್ಷ ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಳು, ತನ್ನ ಮಾವನ ಹೆಸರು ಹೇಳಿದಳು, ಹಳೇ ಖಾದಿ ಚೀಲ ತಂದು ತೋರಿಸಿದಳು. ನಾನು ಪ್ರತಿಯೊಬ್ಬರ ಮಾತನ್ನೂ ಫೋನಿನಲ್ಲಿ ಧ್ವನಿಮುದ್ರಿಸಿ, ಊರು, ಸಂಬಂಧ, ಕೇಳಿದ ದಿನ ಬರೆದಿಟ್ಟುಕೊಳ್ಳುತ್ತಿದ್ದೇನೆ. ಮಾವ ಎನಾಮಲ್‌ನಲ್ಲಿ ಹೆಸರು ಬರೆಯುತ್ತಾನೆ, ಕೂಲಿ ತೆಗೆದುಕೊಳ್ಳುವುದಿಲ್ಲ. ಇಲ್ಲಿಯವರೆಗೆ ಹನ್ನೊಂದು ಹೆಸರಾಗಿವೆ. ಎರಡು ಮನೆಯವರು ಒಂದೇ ಮುಖವನ್ನು ತೋರಿಸಿ ತಮ್ಮ ತಾತ ಎಂದಿದ್ದಾರೆ, ಕೆಂಪು ವಸ್ತ್ರ ಸುತ್ತಿದ ಎತ್ತರದವನನ್ನು. ಆ ಮುಖಕ್ಕೆ ಕೂತವನು ಹಾಲಿನ ಡೈರಿಯವನು. ಮಾವ ಎರಡೂ ಹೆಸರನ್ನು ಅಕ್ಕಪಕ್ಕದಲ್ಲೇ ಬರೆದಿದ್ದಾನೆ.